ಮಾರುತಿ 800 ಕಾರ್ಬುರೇಟರ್: ಚೋಕ್ ಎಳೆದ್ರೆ ಇಂಜಿನ್ ಕಿರುಚ್ತೈತೆ, ಒಳಗೆ ತಳ್ಳಿದ್ರೆ ಬಂದ್. ಫಾಸ್ಟ್ ಐಡಲ್ ಎಷ್ಟಕ್ಕೆ ಇಡಬೇಕು?

ತುಂಗಭದ್ರಾ_ದಂಡೆ (ಸಿರುಗುಪ್ಪ)

ಎಲ್ಲರಿಗೂ ನಮಸ್ಕಾರ್ರಿ. ಗಾಡಿ 1997ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡೋದು) ಮಾಡಲ್, ಎಸಿ ಇಲ್ಲ. ಚೋಕ್ (ತಣ್ಣನೆ ಇಂಜಿನಿಗೆ ಪೆಟ್ರೋಲ್ ಹೆಚ್ಚು ಕೊಡೋದು) ಕೈಯಿಂದ ಎಳೆಯೋದು, ಡ್ಯಾಶ್‌ಬೋರ್ಡಲ್ಲಿ ಗುಂಡಿ ಐತೆ. ವಾರಕ್ಕೆ ಮೂರು ಸಲ ತೋರಣಗಲ್ಲಿಗೆ ಹೋಗಿ ಬರ್ತೈತೆ, ಉಳಿದ ದಿನ ಊರೊಳಗೇ ಓಡಾಟ.

ಬೆಳಿಗ್ಗೆ ಚೋಕ್ ಪೂರ್ತಿ ಎಳೆದು ಸೆಲ್ಫ್ ಹೊಡೆದ್ರೆ ಒಂದೇ ಏಟಿಗೆ ಸ್ಟಾರ್ಟ್. ಆದ್ರೆ ಮೂರ್ನಾಲ್ಕು ಸೆಕೆಂಡಲ್ಲಿ ಇಂಜಿನ್ ಕಿರುಚೋಕೆ ಶುರು ಮಾಡ್ತೈತೆ. ಟ್ಯಾಕೋಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು, ಅಂದ್ರೆ ಆರ್‌ಪಿಎಂ, ತೋರಿಸೋ ಮೀಟರ್) ಹಚ್ಚಿ ನೋಡಿದ್ರೆ 2100 ತೋರಿಸ್ತು. ಚೋಕ್ ಅರ್ಧ ಒಳಗೆ ತಳ್ಳಿದ್ರೆ ಗಡಗಡ ನಡುಗಿ ಬಂದ್ ಆಗ್ತೈತೆ. ಆರೇಳು ನಿಮಿಷ ಚೋಕಲ್ಲೇ ಇಟ್ಟರೆ ಮಾತ್ರ ರೋಡಿಗೆ ಇಳಿಸಬಹುದು.

ಬಿಸಿ ಆದಮೇಲೆ ಮೀಟರಲ್ಲಿ 900 ಬರ್ತೈತೆ, ಅಂದ್ರೆ ಸರಿ ಇರಬೇಕು. ಆದ್ರೂ ಫಸ್ಟ್ ಗೇರಲ್ಲಿ ಕ್ಲಚ್ ಬಿಟ್ಟರೆ ಎಕ್ಸಲೇಟರ್ ಮುಟ್ಟದೇನೇ ಗಾಡಿ ಜೋರಾಗಿ ಹೋಗ್ತೈತೆ. ಕೀ ತೆಗೆದ ಮೇಲೂ ಮೂರ್ನಾಲ್ಕು ಸಲ ಗುದ್ದಿ ಆಮೇಲೆ ನಿಲ್ತೈತೆ.

ಪ್ಲಗ್ ಮೂರೂ ಹೊಸಾವು, ಏರ್ ಫಿಲ್ಟರ್ ಹೊಸದು. ಎರಡು ತಿಂಗಳ ಹಿಂದೆ ಗ್ಯಾರೇಜಲ್ಲಿ ಕಾರ್ಬ್ ಬಿಚ್ಚಿ ತೊಳೆಸಿದ್ದಾಯ್ತು. ಬೆಳಿಗ್ಗೆ ಬಂದ್ ಆಗ್ತೈತೆ ಅಂದಿದ್ದಕ್ಕೆ ಒಂದು ಸ್ಕ್ರೂ ಏರಿಸಿ ಕೊಟ್ಟರು. ಯಾವ ಸ್ಕ್ರೂ ಅಂತ ನನಗೆ ಗೊತ್ತಾಗ್ಲಿಲ್ಲ.

ಫಾಸ್ಟ್ ಐಡಲ್ (ಚೋಕ್ ಎಳೆದಾಗ ಎಕ್ಸಲೇಟರ್ ಮುಟ್ಟದೇ ಇಂಜಿನ್ ತಿರುಗೋ ವೇಗ) ಸ್ಕ್ರೂ ಗುರುತು ಹಿಡಿಯೋದು ಹೆಂಗೆ? ಎಷ್ಟು ಆರ್‌ಪಿಎಂ ಇಡಬೇಕು? ಇಂಜಿನ್ ತಣ್ಣಗಿದ್ದಾಗ ಮಾಡಬೇಕಾ, ಬಿಸಿ ಆದಾಗ ಮಾಡಬೇಕಾ?

ಮೂರು_ಸಿಲಿಂಡರ್ (ಬಳ್ಳಾರಿ)

ಸ್ಕ್ರೂ ಮುಟ್ಟೋಕೆ ಮುಂಚೆ ಒಂದು ಪ್ರಶ್ನೆ ಅಣ್ಣ. ಟ್ಯಾಕೋಮೀಟರ್ ಯಾವ ಸಿಲಿಂಡರಿಗೆ ಸೆಟ್ ಮಾಡಿದ್ರಿ? ನಮ್ಮ ಕಡೆ ಸಿಗೋ ಬಹಳಷ್ಟು ಮೀಟರುಗಳಲ್ಲಿ 4, 6, 8 ಅಷ್ಟೇ ಇರ್ತೈತೆ, 3 ಇರಲ್ಲ. 4ರಲ್ಲಿ ಇಟ್ಟು ನೋಡಿದ್ರೆ ನೀವು ಓದಿದ್ದು ತಪ್ಪು ಲೆಕ್ಕ.

ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಕಾಯಿಲಿಂದ (ಪ್ಲಗ್ಗಿಗೆ ಕಿಡಿ ಕರೆಂಟ್ ಕೊಡೋದು) 2 ಕಿಡಿ ಕೊಡ್ತೈತೆ. 800ರ 796 ಸಿಸಿ ಇಂಜಿನ್ ಮೂರು ಸಿಲಿಂಡರಿಂದು, ಒಂದು ಸುತ್ತಿಗೆ ಒಂದೂವರೆ ಕಿಡಿ. ಮೀಟರ್ ಕಿಡಿ ಎಣಿಸಿ 2ರಿಂದ ಭಾಗಿಸ್ತೈತೆ, ಹಂಗಾಗಿ ನಿಜವಾದ ಆರ್‌ಪಿಎಂನ ಮುಕ್ಕಾಲು ಭಾಗ ಮಾತ್ರ ತೋರಿಸ್ತೈತೆ. ಅದು 900 ಅಂದ್ರೆ ಇಂಜಿನ್ ತಿರುಗ್ತಾ ಇರೋದು 1200. ಅದು 2100 ಅಂದ್ರೆ ನಿಜವಾಗಿ 2800.

ಈಗ ನೀವು ಹೇಳಿದ ಲಕ್ಷಣ ನೋಡಿ. ಬಿಸಿ ಇಂಜಿನ್ 1200ರಲ್ಲಿ ತಿರುಗ್ತಾ ಇದ್ರೆ ಫಸ್ಟ್ ಗೇರಲ್ಲಿ ಗಾಡಿ ತಾನೇ ಓಡುತ್ತೆ, ಕೀ ತೆಗೆದಮೇಲೂ ಗುದ್ದುತ್ತೆ. ಎರಡೂ ಕೂಡಿ ಬರ್ತೈತೆ.

3ರ ಗುರುತು ಇಲ್ಲದಿದ್ರೆ 6ರಲ್ಲಿ ಇಟ್ಟು ಬಂದ ಅಂಕಿನ ದುಪ್ಪಟ್ಟು ಮಾಡಿ, ಅದೇ ಸರಿಯಾದ ಆರ್‌ಪಿಎಂ. 6ರಲ್ಲಿ 450 ಅಂದ್ರೆ 900. ಇಲ್ಲಾ 4ರಲ್ಲೇ ಇಟ್ಟು ಬಂದಿದ್ದನ್ನ 4ರಿಂದ ಗುಣಿಸಿ 3ರಿಂದ ಭಾಗಿಸಿ.

ಕ್ಲಿಪ್ಪನ್ನ ಒಂದೇ ಪ್ಲಗ್ ವಯರಿಗೆ ಹಾಕೋ ತರದ ಮೀಟರಾದ್ರೆ ಈ ಗೋಜಿಲ್ಲ. ಡೆಲ್ಕೋ (ಕಿಡಿ ಕರೆಂಟನ್ನ ಪ್ಲಗ್ಗುಗಳಿಗೆ ಹಂಚೋ ಡಿಸ್ಟ್ರಿಬ್ಯೂಟರ್) ಇರೋ ಇಂಜಿನಲ್ಲಿ ಒಂದು ಪ್ಲಗ್ ಎರಡು ಸುತ್ತಿಗೆ ಒಂದು ಸಲ ಹೊಡೀತೈತೆ, ಸಿಲಿಂಡರ್ ಎಷ್ಟಾದ್ರೂ ಇರಲಿ. ಅದರಲ್ಲಿ 4 ಸ್ಟ್ರೋಕ್ ಅಂತ ಸೆಟ್ ಮಾಡಿದ್ರೆ ಸಾಕು. ಒಂದು ಎಚ್ಚರಿಕೆ: ಅಗ್ಗದ ಮಲ್ಟಿಮೀಟರನ್ನ ಹರ್ಟ್ಜ್‌ಗೆ ತಿರುಗಿಸಿ ನೇರವಾಗಿ ಕಾಯಿಲಿನ ಮೈನಸ್ ತುದಿಗೆ ಹಚ್ಚಬೇಡಿ. ಅಲ್ಲಿ ಕಿಡಿ ಬಿದ್ದಾಗಲೆಲ್ಲ 200–300 ವೋಲ್ಟ್ ಜಿಗಿತ ಬರ್ತೈತೆ, ಮೀಟರ್ ಸುಟ್ಟು ಹೋಗುತ್ತೆ.

ತುಂಗಭದ್ರಾ_ದಂಡೆ (ಸಿರುಗುಪ್ಪ)

ಹೌದ್ರಿ, 4ರಲ್ಲೇ ಇತ್ತು! 6ಕ್ಕೆ ಹಾಕಿ ನೋಡ್ದೆ: ಬಿಸಿ ಇಂಜಿನ್ 590 ರಿಂದ 600, ಅಂದ್ರೆ ನಿಜವಾಗಿ 1200ರ ಹತ್ರ. ಹಂಗಾದ್ರೆ ಐಡ್ಲಿಂಗ್ (ಚೋಕ್ ಇಲ್ಲದೇ, ಎಕ್ಸಲೇಟರ್ ಮುಟ್ಟದೇ ಇಂಜಿನ್ ತಿರುಗೋದು) ಸ್ಕ್ರೂ ಇಳಿಸಿ 900ಕ್ಕೆ ತಂದೆ. ಅಲ್ಲಿಗೆ ಬಂದ ತಕ್ಷಣ ಮಿಸ್ಸಿಂಗ್ ಶುರು, 30 ಸೆಕೆಂಡಲ್ಲಿ ಬಂದ್. ಮತ್ತೆ ಏರಿಸಿ ಮೊದಲಿನ ಜಾಗಕ್ಕೇ ತಂದಿಟ್ಟೀನಿ.

ಕಾರ್ಬ್_ಕೆಲಸ (ರಾಯಚೂರು)

ಈಗ ವಿಷಯ ತಿಳೀತು. 900ಕ್ಕೆ ತಂದ್ರ ಬಂದ್ ಆಗ್ತದ ಅಂದ್ರ ಬೇರೆ ರೋಗ ಅದ, ಅದನ್ನ ಮುಚ್ಚಲಿಕ್ಕೆ ಸ್ಕ್ರೂ ಏರಿಸ್ಯಾರ. ಫಾಸ್ಟ್ ಐಡಲ್ ಅನ್ನೋದು ಈ ಸಾಲಿನಾಗ ಎಲ್ಲಕ್ಕಿಂತ ಕಡೀಗೆ ಮುಟ್ಟೋದು. ಕೆಳಗಿನ ಐಡ್ಲಿಂಗ್ ಸರಿ ಇಲ್ಲದ ಗಾಡಿಗೆ ಮೇಲಿನ ಐಡ್ಲಿಂಗ್ ಎಷ್ಟು ಸೆಟ್ ಮಾಡಿದ್ರೂ ನಿಲ್ಲಂಗಿಲ್ಲ.

ಮೊದಲು ಸ್ಕ್ರೂ ಗುರುತು. ಹೆಸರು, ಜಾಗ ನೋಡಿ ಹಿಡೀಬ್ಯಾಡ್ರಿ, ಕಾರ್ಬ್ ಬದಲಾಯಿಸಿದ ಗಾಡಿ ಭಾಳ ಅವ. ಅದು ಮಾಡೋ ಕೆಲಸ ನೋಡಿ ಹಿಡೀರಿ. ಇಂಜಿನ್ ಬಂದ್ ಮಾಡಿ ಏರ್ ಕ್ಲೀನರ್ ತೆಗೀರಿ. ಒಳಗ ಒಬ್ಬರನ್ನ ಕೂಡಿಸಿ ಚೋಕ್ ಗುಂಡಿ ನಿಧಾನ ಎಳಿಲಿಕ್ಕೆ ಹೇಳ್ರಿ. ಕೇಬಲ್ ಸಿಕ್ಕಿಸಿದ ಲಿವರ್ ತಿರುಗ್ತದ, ಮ್ಯಾಲಿನ ಪತ್ತಿ ಮುಚ್ಚಿಕೊಳ್ತದ. ಅದೇ ಹೊತ್ತಿಗೆ ಆ ಲಿವರಿನ ಉಬ್ಬು ಭಾಗ, ಅದಕ್ಕ ಕ್ಯಾಮ್ ಅಂತೀವಿ, ಕೆಳಗಿನ ಥ್ರಾಟಲ್ (ಎಕ್ಸಲೇಟರ್ ಒತ್ತಿದಾಗ ತೆರೆಯೋ ಪತ್ತಿ) ಲಿವರನ್ನ ಒಂದಿಷ್ಟು ದೂಡ್ತದ. ಆ ದೂಡುವ ಜಾಗದಾಗ ಇರೋ ಸ್ಕ್ರೂನ ಫಾಸ್ಟ್ ಐಡಲ್. ಚೋಕ್ ಪೂರ್ತಿ ಒಳಗಿದ್ದಾಗ ಥ್ರಾಟಲ್ ಲಿವರ್ ಯಾವ ಸ್ಕ್ರೂ ಮ್ಯಾಲೆ ಕುಂತಿರ್ತದ ಅದು ಐಡ್ಲಿಂಗ್ ಸ್ಕ್ರೂ. ಮಿಕ್ಶ್ಚರ್ ಸ್ಕ್ರೂ (ಐಡ್ಲಿಂಗಿಗೆ ಪೆಟ್ರೋಲ್ ಎಷ್ಟು ಅಂತ ಹೊಂದಿಸೋದು) ಯಾವ ಲಿವರನ್ನೂ ಮುಟ್ಟಂಗಿಲ್ಲ, ಕಾರ್ಬಿನ ಬುಡದಾಗ ಸ್ಪ್ರಿಂಗ್ ಹಾಕ್ಕೊಂಡು ನೇರ ಒಳಗ ಹೋಗಿರ್ತದ.

ಚೋಕ್ ಪೂರ್ತಿ ಒಳಗಿದ್ದಾಗ ಫಾಸ್ಟ್ ಐಡಲ್ ಸ್ಕ್ರೂಗೂ ಕ್ಯಾಮಿಗೂ ನಡುವ ಸಂದು ಇರಬೇಕು, ಕಾಗದ ಸರಿಯೋ ಅಷ್ಟಾದರೂ. ಆ ಸಂದು ಇಲ್ಲಂದ್ರ ಗಾಡಿ ಯಾವತ್ತೂ ಫಾಸ್ಟ್ ಐಡಲ್ ಮ್ಯಾಲೇ ಕುಂತಿರ್ತದ, ನೀವು ಐಡ್ಲಿಂಗ್ ಸ್ಕ್ರೂ ಎಷ್ಟು ಇಳಿಸಿದ್ರೂ ಇಳಿಯಂಗಿಲ್ಲ. ನಿಮ್ಮ ಗಾಡಿ ಇಳೀತು, ಹಂಗಾಗಿ ಅಲ್ಲಿ ತೊಂದರೆ ಇಲ್ಲ.

ಈಗ ರೋಗ ಹುಡುಕೋದು. ನಾಲ್ಕು ಜಾಗ ನೋಡ್ರಿ, ಇದೇ ಕ್ರಮದಾಗ.

ಗಾಳಿ ಸೋರಿಕೆ ಮೊದಲು. ಕಾರ್ಬಿಗೂ ಮ್ಯಾನಿಫೋಲ್ಡಿಗೂ (ಕಾರ್ಬಿನಿಂದ ಸಿಲಿಂಡರಿಗೆ ಹೋಗೋ ಕೊಳವೆ) ನಡುವ ಕಪ್ಪನೆ ದಪ್ಪ ಬಿಲ್ಲೆ ಅದ, ಶಾಖ ಮ್ಯಾಲೆ ಹೋಗದಂಗ ತಡಿಯೋದು. ಎರಡೂ ಕಡೆ ಪ್ಯಾಕಿಂಗ್ ಇರ್ತದ. ಕಾರ್ಬ್ ತೊಳೆದು ಹಾಕುವಾಗ ಹಳೇ ಪ್ಯಾಕಿಂಗನ್ನೇ ಮತ್ತ ಹಾಕಿದ್ರ, ಇಲ್ಲಾ ಒಂದು ನಟ್ ಪೂರ್ತಿ ಬಿಗಿ ಮಾಡಿ ಆಮ್ಯಾಲೆ ಇನ್ನೊಂದಕ್ಕ ಹೋದ್ರ, ಆ ಬಿಲ್ಲೆ ಸೀಳ್ತದ. ಕಣ್ಣಿಗೆ ಕಾಣದ ಸೀಳು ಸಾಕು. ಇಂಜಿನ್ ಐಡ್ಲಿಂಗಿನಾಗ ಇದ್ದಾಗ ಸ್ಪ್ರೇ ಬಾಟ್ಲಿಯಿಂದ ನೀರು ಆ ಬಿಲ್ಲೆ ಸುತ್ತ ತೆಳ್ಳಗ ಹೊಡೀರಿ. ಒಂದು ಜಾಗದಾಗ ನೀರು ಬಿದ್ದ ಕೂಡಲೇ ಸದ್ದು ಬದಲಾದ್ರ ಸೋರೋದು ಅಲ್ಲೇ. ಪೆಟ್ರೋಲ್ ಆಗಲಿ ಕಾರ್ಬ್ ಕ್ಲೀನರ್ ಆಗಲಿ ಬಿಸಿ ಇಂಜಿನ್ ಮ್ಯಾಲೆ ಹೊಡೀಬ್ಯಾಡ್ರಿ, ಎಕ್ಸಾಸ್ಟ್ ಅಲ್ಲೇ ಅದ, ಬೆಂಕಿ ಹತ್ತತದ. ಪ್ಲಗ್ ವಯರ್, ಡೆಲ್ಕೋ ಮ್ಯಾಲೆ ನೀರು ಬೀಳದಂಗೂ ನೋಡ್ಕೊಳ್ರಿ. ಮ್ಯಾನಿಫೋಲ್ಡಿಗೆ ಸೇರೋ ರಬ್ಬರ್ ಪೈಪುಗಳನ್ನ ಒಂದೊಂದಾಗಿ ಪಕ್ಕಡಿನಿಂದ ಮೆತ್ತಗ ಅದುಮಿ ನೋಡ್ರಿ. ಅದುಮಿದಾಗ ಇಂಜಿನ್ ಸುಧಾರಿಸಿದ್ರ ಸೋರಿಕೆ ಆ ಪೈಪಿನ ಕಡೆ ಅದ.

ಎರಡನೇದು ಸೊಲಿನಾಯ್ಡ್. ಕಾರ್ಬಿನ ಪಕ್ಕಕ್ಕ ಒಂದು ವಯರ್ ಬಂದಿರೋ ಹಿತ್ತಾಳೆ ಬಣ್ಣದ ಗುಂಡು ಭಾಗ. ಕೀ ಆನ್ ಮಾಡಿದ್ರ 'ಟಿಕ್' ಅಂತ ಸದ್ದು ಬರಬೇಕು. ಕೀ ಆಫ್ ಆದಾಗ ಐಡ್ಲಿಂಗ್ ಪೆಟ್ರೋಲ್ ದಾರಿ ಬಂದ್ ಮಾಡೋದು ಇದರ ಕೆಲಸ. ಇದು ಕೆಟ್ಟು ಮುಚ್ಚಿಕೊಂಡ್ರ ಗಾಡಿ ಐಡ್ಲಿಂಗೇ ನಿಲ್ಲಂಗಿಲ್ಲ. ಅದಕ್ಕ ಹೊಸದು ಹಾಕೋ ಬದಲು ಒಳಗಿನ ಸೂಜಿ ಕತ್ತರಿಸಿ ಮತ್ತ ಕೂಡಿಸೋ ಪದ್ಧತಿ ಭಾಳ ಕಡೆ ಅದ. ಅವಾಗ ಐಡ್ಲಿಂಗ್ ಬರ್ತದ, ಆದ್ರ ಕೀ ತೆಗೆದ್ರೂ ಪೆಟ್ರೋಲ್ ಹೋಗ್ತಾನೇ ಇರ್ತದ. ನಿಮ್ಮ ಗಾಡಿ ಗುದ್ದಿ ಗುದ್ದಿ ನಿಲ್ಲೋದು ನೋಡಿದ್ರ ನನಗ ಇದೇ ಅನುಮಾನ. ಬಿಚ್ಚಿ ನೋಡ್ರಿ, ತುದಿ ಚೂಪಾಗಿ ಇರಬೇಕು, ಮೊಂಡಾಗಿ ಇರಬಾರದು.

ಮೂರನೇದು ಥರ್ಮೋಸ್ಟಾಟ್, ಇಂಜಿನ್ ಬಿಸಿ ಆಗೋ ತನಕ ನೀರು ರೇಡಿಯೇಟರಿಗೆ ಹೋಗದಂಗ ತಡಿಯೋ ವಾಲ್ವ್. ನಮ್ಮ ಬಿಸಿಲು ಸೀಮೆಯಾಗ 'ಇದು ಬೇಕಾಗಿಲ್ಲ, ಗಾಡಿ ಬಿಸಿ ಆಗ್ತದ' ಅಂತ ಕಿತ್ತು ಒಗಿಯೋದು ವಾಡಿಕೆ. ದೊಡ್ಡ ತಪ್ಪು. ಥರ್ಮೋಸ್ಟಾಟ್ ಇಲ್ಲದಿದ್ರ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರ್ ಸುತ್ತಿ ಬರ್ತದ, ಇಂಜಿನ್ ಬಿಸಿ ಏರಲಿಕ್ಕೆ ಭಾಳ ಹೊತ್ತು ಹಿಡೀತದ. ಈ ಇಂಜಿನ್‌ದಾಗ ಮ್ಯಾನಿಫೋಲ್ಡಿಗೂ ಬಿಸಿನೀರಿನ ದಾರಿ ಅದ. ಮ್ಯಾನಿಫೋಲ್ಡ್ ತಣ್ಣಗಿದ್ರ ಪೆಟ್ರೋಲ್ ಆವಿ ಆಗದ ಗೋಡೆಗೆ ಹನಿ ಆಗಿ ಅಂಟ್ಕೊಳ್ತದ, ಸಿಲಿಂಡರಿಗೆ ಹೋಗೋದು ಬರೇ ಗಾಳಿ. ಆರೇಳು ನಿಮಿಷ ಚೋಕ್ ಬೇಕಾಗ್ತದ ಅಂದ್ರ ನಿಮ್ಮದರಾಗ ಥರ್ಮೋಸ್ಟಾಟ್ ಇಲ್ಲ, ಇಲ್ಲಾ ತೆರೆದೇ ಕುಂತದ. ಪರೀಕ್ಷೆ ಸುಲಭ: ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮ್ಯಾಲಿನ ಪೈಪ್ ಹಿಡೀರಿ. ಮೊದಲ ಕೆಲ ನಿಮಿಷ ತಣ್ಣಗೇ ಇದ್ದು ಆಮ್ಯಾಲೆ ಒಮ್ಮೆಲೆ ಬಿಸಿ ಆಗಬೇಕು. ಶುರುವಿನಿಂದ ನಿಧಾನ ಬೆಚ್ಚಗಾಗ್ತಾ ಹೋದ್ರ ಥರ್ಮೋಸ್ಟಾಟ್ ಇಲ್ಲ ಅಂತಲೇ ಲೆಕ್ಕ.

ಇಷ್ಟು ಹೊತ್ತು ಚೋಕ್ ಎಳೆದು ಇಡೋದರಿಂದ ಇನ್ನೊಂದು ಹಾನಿ ಅದ. ಹೆಚ್ಚಿನ ಪೆಟ್ರೋಲ್ ಸಿಲಿಂಡರ್ ಗೋಡೆ ಮ್ಯಾಲಿನ ಆಯಿಲ್ ತೊಳೆದು ಕೆಳಗ ಇಳೀತದ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡ್ರಿ. ಪೆಟ್ರೋಲ್ ವಾಸನೆ ಬಂದ್ರ ರಿಪೇರಿ ಮುಗಿದ ಮ್ಯಾಲೆ ಆಯಿಲ್ ಬದಲಾಯಿಸ್ರಿ.

ನಾಲ್ಕನೇದು ಚೋಕ್ ಕೇಬಲ್. ತೋರಣಗಲ್ಲು, ಸಂಡೂರು ಕಡೆ ಓಡೋ ಗಾಡಿಗಳ ಕಾರ್ಬ್ ಲಿವರ್ ಹತ್ರ ಬೆರಳು ಆಡಿಸಿ ನೋಡ್ರಿ. ಅದಿರಿನ ಕೆಂಪು ಧೂಳು ಆಯಿಲ್ ಕೂಡಿ ಕುಂಕುಮ ಕಲಸಿದಂಗ ಆಗಿರ್ತದ, ತಿಕ್ಕಿದ್ರ ಬೆರಳಿಗೆ ಮರಳು ಮರಳು ಹತ್ತತದ. ಅದು ಕ್ಯಾಮ್ ಮೈ ತಿಂತದ, ಲಿವರ್ ವಾಪಸ್ ಬರದಂಗ ಹಿಡೀತದ. ಬ್ರಶ್ಶಿನಿಂದ ಡೀಸೆಲ್ ಹಚ್ಚಿ ತೊಳೆದು, ಬಟ್ಟಿಯಿಂದ ಒರೆಸಿ, ತೆಳು ಆಯಿಲ್ ಎರಡು ಹನಿ ಬಿಡ್ರಿ, ಸಾಕು. ಗ್ರೀಸ್ ಹಚ್ಚಬ್ಯಾಡ್ರಿ, ಧೂಳು ಹಿಡಿದು ಮತ್ತ ಅದೇ ಪಾಡು. ಗುಂಡಿ ಪೂರ್ತಿ ಒಳಗಿದ್ದಾಗ ಪತ್ತಿ ನೇರ ನಿಂತಿರಬೇಕು, ಕೇಬಲಿನಾಗ 1–2 ಮಿ.ಮೀ. ಸಡಿಲು ಇರಬೇಕು. ಪೂರ್ತಿ ಎಳೆದಾಗ ಪತ್ತಿ ಅಂಚಿಗೆ ಅಂಚು ಕೂಡಬೇಕು.

ಈ ನಾಲ್ಕೂ ನೋಡಿ ಹೇಳ್ರಿ, ಮುಂದಿನದು ಬರೀತೀನಿ.

ಬಿಳಿ_ಅಂಬಾಸಡರ್ (ಕೊಪ್ಪಳ)

ನಡುವ ಬಾಯಿ ಹಾಕಿದೆ, ಕ್ಷಮಿಸ್ರಿ. ನಂದು ಹಳೇ ಅಂಬಾಸಡರ್, 1489 ಸಿಸಿ ಪೆಟ್ರೋಲ್, ಎಸ್‌ಯು ಕಾರ್ಬ್ ಐತಿ. ಇದರಾಗ ಮ್ಯಾಲೆ ಮುಚ್ಚೋ ಪತ್ತಿನ ಇಲ್ಲ. ಇದಕ್ಕೂ ಇದೇ ಪದ್ಧತೀನಾ?

ಕಾರ್ಬ್_ಕೆಲಸ (ರಾಯಚೂರು)

ಎಸ್‌ಯುದಾಗ ಪತ್ತಿ ಇರಂಗಿಲ್ಲ, ಖರೆ. ಚೋಕ್ ಎಳೆದ್ರ ಕೆಳಗಿನ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಇಳೀತದ, ಸೂಜಿ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಬರ್ತದ. ಆದ್ರ ಜೆಟ್ ಇಳಿಯೋಕ್ಕಿಂತ ಮೊದಲು ಗುಂಡಿ ಸುಮಾರು 6 ಮಿ.ಮೀ. ಬರೇ ಥ್ರಾಟಲನ್ನ ಅಷ್ಟೇ ಎತ್ತತದ. ಸೆಟ್ಟಿಂಗ್ ಆ 6 ಮಿ.ಮೀ. ಒಳಗೇ ಮಾಡಬೇಕು.

ಇಂಜಿನ್ ಪೂರ್ತಿ ಬಿಸಿ ಮಾಡಿ, ಐಡ್ಲಿಂಗ್ ಸರಿ ಮಾಡ್ರಿ. ಗುಂಡಿ ನಿಧಾನ ಎಳೀರಿ, ಜೆಟ್ ಇನ್ನೇನು ಅಲುಗಬೇಕು ಅನ್ನೋ ಹೊತ್ತಿಗೆ ನಿಲ್ಲಿಸ್ರಿ. ಅಲ್ಲಿ ಕ್ಯಾಮ್ ಮ್ಯಾಲೆ ಕುಂತ ಸ್ಕ್ರೂ ತಿರುಗಿಸಿ 1000–1100 ಆರ್‌ಪಿಎಂಗೆ ತರ್ರಿ. ಗುಂಡಿ ಒಳಗ ತಳ್ಳಿದ ಮ್ಯಾಲೆ ಸ್ಕ್ರೂಗೂ ಕ್ಯಾಮಿಗೂ ಸುಮಾರು 0.4 ಮಿ.ಮೀ. ಸಂದು ಉಳಿಬೇಕು, ಫೀಲರ್ ಗೇಜಿನಿಂದ ನೋಡ್ರಿ. ನಿಮ್ಮದು ನಾಲ್ಕು ಸಿಲಿಂಡರ್, ಮೀಟರ್ 4ರಾಗ ಇಟ್ಟರೇನೇ ಸರಿ.

ಮ್ಯಾಲಿನ ಡ್ಯಾಶ್‌ಪಾಟಿನ (ಕಾರ್ಬಿನ ನೆತ್ತಿಯಾಗ ಆಯಿಲ್ ಹಾಕೋ ಜಾಗ) ಆಯಿಲಿಗೂ ಫಾಸ್ಟ್ ಐಡಲಿಗೂ ಸಂಬಂಧ ಇಲ್ಲ. ಎಕ್ಸಲೇಟರ್ ಒಮ್ಮೆಲೆ ಒತ್ತಿದಾಗ ಎಳೆತ ಕಡಿಮೆ ಆದ್ರ ಮಾತ್ರ ಅದನ್ನ ನೋಡ್ರಿ.

ತುಂಗಭದ್ರಾ_ದಂಡೆ (ಸಿರುಗುಪ್ಪ)

ನಾಲ್ಕೂ ನೋಡಿದೆ ಅಣ್ಣ. ಕಪ್ಪು ಬಿಲ್ಲೆ ಸೀಳಿತ್ತು, ಒಂದು ಸ್ಟಡ್ ತೂತಿನ ಪಕ್ಕದಲ್ಲಿ ಉಗುರಿಗೆ ಹತ್ತೋ ಅಷ್ಟು. ನೀರು ಹೊಡೆದ ಕೂಡಲೇ ಇಂಜಿನ್ ಸದ್ದು ಇಳೀತು. ಸೊಲಿನಾಯ್ಡ್ ಬಿಚ್ಚಿದ್ರೆ ನೀವು ಹೇಳಿದಂಗೆ ಸೂಜಿ ಕತ್ತರಿಸಿದ್ರು. ಥರ್ಮೋಸ್ಟಾಟ್ ಮನೆ ತೆಗೆದ್ರೆ ಒಳಗೆ ಬರೀ ಖಾಲಿ. ಕೇಬಲ್ ಮಾತ್ರ ಸರಿ ಐತೆ, ತೊಳೆದೆ.

ಬಿಲ್ಲೆ, ಎರಡು ಪ್ಯಾಕಿಂಗ್, ಸೊಲಿನಾಯ್ಡ್, ಥರ್ಮೋಸ್ಟಾಟ್ ನಾಲ್ಕೂ ಬಳ್ಳಾರಿಯಿಂದ ತರಿಸಿ ಹಾಕಿದೆ. ಕಾರ್ಬ್ ನಟ್‌ಗಳನ್ನ ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಈಗ ಸೆಟ್ಟಿಂಗ್ ಹೇಳ್ರಿ.

ಕಾರ್ಬ್_ಕೆಲಸ (ರಾಯಚೂರು)

ಭಾಳ ಚಲೋ ಆತು. ಮೂರು ಕಾರಣ ಒಂದೇ ಗಾಡಿಯಾಗ, ಅದಕ್ಕೇ ಸ್ಕ್ರೂ ಏರಿಸಿದ್ರೂ ಸಮಾಧಾನ ಆಗಿರಲಿಲ್ಲ.

ಕೆಲಸಕ್ಕ ಮೊದಲು: ಗಾಡಿ ಸಮ ಜಾಗದಾಗ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್. ಮುಂದಿನ ಫ್ಯಾನ್ ಕರೆಂಟಿಂದು, ಯಾವಾಗ ಬೇಕಾದ್ರೂ ತಿರುಗ್ತದ. ಹೆಗಲ ಮ್ಯಾಲಿನ ಟವೆಲ್ ತೆಗೆದಿಡ್ರಿ, ತೋಳು ಮಡಚ್ರಿ.

ಇಂಜಿನ್ ಸ್ಟಾರ್ಟ್ ಮಾಡಿ ಫ್ಯಾನ್ ಒಮ್ಮೆ ತಿರುಗಿ ನಿಲ್ಲೋ ತನಕ ಬಿಡ್ರಿ. ಅಂದ್ರ ಪೂರ್ತಿ ಬಿಸಿ ಆಗ್ಯದ. ಹೆಡ್‌ಲೈಟ್ ಬಂದ್, ಚೋಕ್ ಪೂರ್ತಿ ಒಳಗ. ಐಡ್ಲಿಂಗ್ ಸ್ಕ್ರೂನಿಂದ 900ಕ್ಕ ತರ್ರಿ, ಅಂದ್ರ ನಿಮ್ಮ ಮೀಟರಿನ 6ರಾಗ 450.

ಈಗ ಮಿಕ್ಶ್ಚರ್. ಇಂಜಿನ್ ಬಂದ್ ಮಾಡಿ ಆ ಸ್ಕ್ರೂ ಮೆತ್ತಗ ಒಳಗ ಕೂಡೋ ತನಕ ತಿರುಗಿಸ್ರಿ, ಎಷ್ಟು ಸುತ್ತು ಅಂತ ಎಣಿಸಿ ಬರ್ಕೊಳ್ರಿ. ಜೋರಾಗಿ ಬಿಗಿ ಮಾಡಿದ್ರ ಸೂಜಿ ತುದಿಗೆ ಉಂಗುರದಂಗ ಗೆರೆ ಬೀಳ್ತದ, ಆಮ್ಯಾಲೆ ಯಾವತ್ತೂ ಸೆಟ್ ಆಗಂಗಿಲ್ಲ. ಅಲ್ಲಿಂದ 2 ಸುತ್ತು ಹೊರಗ ತಂದು ಸ್ಟಾರ್ಟ್ ಮಾಡ್ರಿ. ಕಾಲು ಸುತ್ತು ಹೊರಗ, 20 ಸೆಕೆಂಡ್ ಕಾಯ್ರಿ, ಮೀಟರ್ ನೋಡ್ರಿ. ಆರ್‌ಪಿಎಂ ಏರ್ತಾ ಹೋಗಿ ಒಂದು ಕಡೆ ನಿಲ್ತದ. ಅಲ್ಲಿಂದ ವಾಪಸ್ ಒಳಗ ತಿರುಗಿಸ್ತಾ 20–30 ಆರ್‌ಪಿಎಂ ಇಳಿದ ಜಾಗದಾಗ ಬಿಡ್ರಿ. ಮತ್ತ ಐಡ್ಲಿಂಗ್ ಸ್ಕ್ರೂನಿಂದ 900. ಎರಡೂ ಒಂದಕ್ಕೊಂದು ಹೊಂದೋ ತನಕ ಎರಡು ಮೂರು ಸಲ ಮಾಡಬೇಕಾಗ್ತದ.

ಇಲ್ಲೊಂದು ಪರೀಕ್ಷೆ ಅದ, ಇದನ್ನ ಬಿಡಬ್ಯಾಡ್ರಿ. ಮಿಕ್ಶ್ಚರ್ ಸ್ಕ್ರೂ ತಿರುಗಿಸಿದ್ರ ಇಂಜಿನಿಗೆ ಏನೂ ಆಗ್ತಿಲ್ಲ ಅಂದ್ರ ಥ್ರಾಟಲ್ ಪತ್ತಿ ಬೇಕಾದ್ದಕ್ಕಿಂತ ಹೆಚ್ಚು ತೆರೆದದ. ಪತ್ತಿಯ ಅಂಚು ಐಡ್ಲಿಂಗ್ ತೂತಿನ ಮ್ಯಾಲಿರೋ ಸಣ್ಣ ತೂತುಗಳನ್ನೂ ದಾಟಿ ಹೋಗ್ಯದ, ಪೆಟ್ರೋಲ್ ಅಲ್ಲಿಂದ ಬರ್ತದ, ನಿಮ್ಮ ಸ್ಕ್ರೂ ಕೈಯಾಗ ಏನೂ ಇಲ್ಲ. ನೀವು 1200ರಾಗ ಇಟ್ಟಾಗ ಆಗಿದ್ದು ಇದೇ.

ಕಡೀಗೆ ಫಾಸ್ಟ್ ಐಡಲ್. ಬಿಸಿ ಇಂಜಿನ್ ಮ್ಯಾಲೇ ಮಾಡೋದು, ಯಾಕಂದ್ರ ತಣ್ಣನೆ ಇಂಜಿನ್ ನಿಮಿಷ ನಿಮಿಷಕ್ಕೂ ಬದಲಾಗ್ತದ, ಸ್ಕ್ರೂ ತಿರುಗಿಸೋದರೊಳಗ ಬಿಸಿ ಏರಿರ್ತದ. ಏರ್ ಕ್ಲೀನರ್ ತೆಗೆದು, ಒಳಗ ಬೀಳೋ ಹಂಗಿರೋ ನಟ್, ವಾಶರ್ ದೂರ ಇಟ್ಟು, ಚೋಕ್ ಗುಂಡಿ ಪೂರ್ತಿ ಎಳೀರಿ. ಬಿಸಿ ಇಂಜಿನಿಗೆ ಪತ್ತಿ ಮುಚ್ಚಿದ್ರ ಪೆಟ್ರೋಲ್ ಹೆಚ್ಚಾಗಿ ಬಂದ್ ಆಗ್ತದ. ಅದಕ್ಕ ಪತ್ತಿಯನ್ನ ಉದ್ದ ಚಮಚದ ಹಿಡಿಯಿಂದ ತೆರೆದು ಹಿಡೀರಿ. ಪತ್ತಿ ಸ್ಪ್ರಿಂಗ್ ಮ್ಯಾಲೆ ಇರ್ತದ, ಲಿವರ್ ಎಳೆದ ಜಾಗದಾಗೇ ಇದ್ದು ಪತ್ತಿ ಮಾತ್ರ ತೆರೀತದ. ಮುಖ ಕಾರ್ಬಿನ ಮ್ಯಾಲೆ ತರಬ್ಯಾಡ್ರಿ, ಬ್ಯಾಕ್‌ಫೈರ್ ಆದ್ರ ಬೆಂಕಿ ಮ್ಯಾಲಕ್ಕೆ ಬರ್ತದ.

ಈಗ ಬರೋ ಆರ್‌ಪಿಎಂ ನಿಮ್ಮ ಫಾಸ್ಟ್ ಐಡಲ್. ಇದನ್ನ 1800ರಿಂದ 2000ಕ್ಕ ಇಡ್ರಿ. ಗಾಬರಿ ಆಗಬ್ಯಾಡ್ರಿ. ಬೆಳಿಗ್ಗೆ ತಣ್ಣನೆ ಆಯಿಲ್ ಗಟ್ಟಿ ಇರ್ತದ, ಇಂಜಿನ್ ಭಾರ ಆಗಿ ತಿರುಗ್ತದ, ಪೆಟ್ರೋಲ್ ಅರ್ಧ ಆವಿ ಆಗಂಗಿಲ್ಲ. ಅದೇ ಸ್ಕ್ರೂ ಜಾಗದಾಗ ಬೆಳಿಗ್ಗೆ 1300–1500 ಅಷ್ಟೇ ಬರ್ತದ. ಬಿಸಿ ಇದ್ದಾಗ 1400ಕ್ಕ ಇಟ್ಟವರ ಗಾಡಿ ಬೆಳಿಗ್ಗೆ ಬಂದ್ ಆಗೋದು ಇದಕ್ಕೇ.

ಕಾರ್ಬ್ ಬಿಚ್ಚಿ ಟೇಬಲ್ ಮ್ಯಾಲೆ ಇದ್ದಾಗಲೇ ಅಂದಾಜು ಇಡಬೇಕಾದ್ರ 1 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ಹಿಂಭಾಗ ಬಳಸ್ರಿ. ಚೋಕ್ ಪೂರ್ತಿ ಮುಚ್ಚಿ ಹಿಡಿದು, ಥ್ರಾಟಲ್ ಪತ್ತಿ ಅಂಚಿಗೂ ಗೋಡೆಗೂ ನಡುವ ಅದು ಸರಿಯೋ ಹಂಗ ಸ್ಕ್ರೂ ಇಡ್ರಿ. ಅದು ಶುರುವಿನ ಜಾಗ ಮಾತ್ರ, ಕಡೀ ಮಾತು ಮೀಟರಿಂದೇ.

ಮೂರು_ಸಿಲಿಂಡರ್ (ಬಳ್ಳಾರಿ)

ಎಲ್ಲಾ ಒಪ್ಪಿದೆ, ಆದ್ರೆ 2000 ನಮ್ಮ ಕಡೆಗೆ ಜಾಸ್ತಿ ಅಣ್ಣ. ಚಳಿಗಾಲದಲ್ಲೂ ಬಳ್ಳಾರಿ, ಸಿರುಗುಪ್ಪದಲ್ಲಿ ಬೆಳಿಗ್ಗೆ 15 ಡಿಗ್ರಿ ಆಸುಪಾಸು ಇರ್ತೈತೆ, ಏಪ್ರಿಲ್-ಮೇನಲ್ಲಿ ಬೆಳಿಗ್ಗೇನೇ 27–28. ಆಯಿಲ್ ಅಷ್ಟು ಗಟ್ಟಿ ಆಗೋದೇ ಇಲ್ಲ. ಬಿಸಿ ಇದ್ದಾಗ 1600–1700ಕ್ಕೆ ಇಟ್ಟರೆ ಬೆಳಿಗ್ಗೆ 1300ರ ಹತ್ರ ಬರ್ತೈತೆ, ಸಾಕು. ಅದಕ್ಕಿಂತ ಹೆಚ್ಚು ಇಟ್ಟರೆ ಆಯಿಲ್ ಮೇಲೆ ಏರೋಕೆ ಮುಂಚೆ ಇಂಜಿನ್ ಓಡಿಸಿದಂಗೆ.

ಇನ್ನೊಂದು, ಬೇಸಿಗೇಲಿ ಚೋಕ್ ಪೂರ್ತಿ ಎಳೆಯೋ ಅವಶ್ಯಕತೆನೇ ಇಲ್ಲ, ಅರ್ಧ ಎಳೆದ್ರೆ ಸಾಕು. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಚೋಕ್ ಮುಟ್ಟಲೇಬೇಡಿ. ಕಾರ್ಬಿನ ಬೌಲಲ್ಲಿ (ಪೆಟ್ರೋಲ್ ನಿಲ್ಲೋ ಬಟ್ಟಲು) ಪೆಟ್ರೋಲ್ ಕುದ್ದು ಮ್ಯಾನಿಫೋಲ್ಡಿಗೆ ಇಳಿದಿರ್ತೈತೆ, ಮೊದಲೇ ಹೆಚ್ಚಾಗಿರ್ತೈತೆ. ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿರಿ. ಪಂಪ್ ಮಾಡಬೇಡಿ, ಪ್ರತಿ ಒತ್ತಿಗೂ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತೆ.

ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇರ್ತೈತೆ ಅನ್ನೋದೂ ಲೆಕ್ಕಕ್ಕೆ ತಗೊಳ್ಳಿ. ಬರೀ ಪೆಟ್ರೋಲ್ 1 ಕೆಜಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಎಫ್‌ಐ ಗಾಡಿ (ಕಾರ್ಬ್ ಬದಲು ಇಂಜೆಕ್ಟರಿಂದ ಪೆಟ್ರೋಲ್ ಚಿಮ್ಮಿಸೋದು) ಸೆನ್ಸರ್ ನೋಡಿ ತಾನೇ ಹೊಂದಿಸ್ಕೊಳ್ತೈತೆ. ಕಾರ್ಬಿನ ಜೆಟ್ ತೂತು ಬದಲಾಗಲ್ಲ, ಹಳೇ ಅಳತೇಲೇ ಬಿಡ್ತೈತೆ, ಹಂಗಾಗಿ ಮಿಶ್ರಣ ತೆಳ್ಳಗಾಗ್ತೈತೆ. ಹಳೇ ಪುಸ್ತಕದ ಸುತ್ತಿನ ಲೆಕ್ಕಕ್ಕಿಂತ ಮಿಕ್ಶ್ಚರ್ ಸ್ಕ್ರೂ ಕಾಲಿಂದ ಅರ್ಧ ಸುತ್ತು ಹೆಚ್ಚು ಹೊರಗೆ ಬಂದ್ರೆ ಆಶ್ಚರ್ಯ ಪಡಬೇಡಿ. ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನ ಬಗ್ಗಿಸಿ ನೋಡಿ, ಉಬ್ಬಿದ್ರೆ, ಬಿರುಕು ಬಿಟ್ಟಿದ್ರೆ ಬದಲಾಯಿಸಿ.

ಕಾರ್ಬ್_ಕೆಲಸ (ರಾಯಚೂರು)

1600–1700 ಒಪ್ಪಿದೆ. ರಾಯಚೂರಾಗೂ ಅಷ್ಟು ಸಾಕು. ಕಡಿಮೆಯಿಂದ ಶುರು ಮಾಡ್ರಿ, ಬೆಳಿಗ್ಗೆ 1200ಕ್ಕಿಂತ ಕೆಳಗ ಇಳಿದು ನಡುಗಿದ್ರ ಮಾತ್ರ ಕಾಲು ಸುತ್ತು ಏರಿಸ್ರಿ.

ಗಂಗಾವತಿ_ಓಮ್ನಿ (ಗಂಗಾವತಿ)

ನಂದು ಓಮ್ನಿ, ಅದೇ 796 ಸಿಸಿ ಇಂಜಿನ್, ಗ್ಯಾಸ್ ಕಿಟ್ ಐತಿ. ಬೆಳಿಗ್ಗೆ ಗ್ಯಾಸಿನ ಮ್ಯಾಲೇ ಸ್ಟಾರ್ಟ್ ಮಾಡ್ತೀನಿ. ಪೆಟ್ರೋಲಿಗೆ ಹಾಕಿದ್ರ ಐಡ್ಲಿಂಗೇ ನಿಲ್ಲವಲ್ದು. ಫಾಸ್ಟ್ ಐಡಲ್ ಏರಿಸಲೇನ್ರಿ?

ಕಾರ್ಬ್_ಕೆಲಸ (ರಾಯಚೂರು)

ಬ್ಯಾಡ. ಎಲ್‌ಪಿಜಿ ಆವಿ ಆಗೇ ಬರ್ತದ, ಅದಕ್ಕ ಚೋಕ್ ಬೇಕಾಗಿಲ್ಲ, ಹಂಗಾಗಿ ನಿಮಗ ತೊಂದರೆ ಕಂಡಿಲ್ಲ. ಪೆಟ್ರೋಲ್ ತಿಂಗಳುಗಟ್ಟಲೆ ಬಳಸದಿದ್ರ ಬೌಲಿನಾಗ ಒಣಗಿ ಅಂಟು ಆಗ್ತದ, ಐಡ್ಲಿಂಗ್ ಜೆಟ್ ಕೂದಲೆಳೆ ತೂತು, ಮೊದಲು ಕಟ್ಟೋದು ಅದೇ. ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದ್ರಿ, ತಂತಿ ತುರುಕಬ್ಯಾಡ್ರಿ, ತೂತು ದೊಡ್ಡದಾಗ್ತದ. ಆಮ್ಯಾಲೆ ವಾರಕ್ಕ ಒಮ್ಮೆಯಾದರೂ ಹತ್ತು ಕಿಲೋಮೀಟರ್ ಪೆಟ್ರೋಲಿನ ಮ್ಯಾಲೆ ಓಡಿಸ್ರಿ.

ತುಂಗಭದ್ರಾ_ದಂಡೆ (ಸಿರುಗುಪ್ಪ)

ಸೆಟ್ಟಿಂಗ್ ಮುಗೀತು, ಅಂಕಿ ಹಾಕ್ತಾ ಇದೀನಿ, ಬೇರೆಯವರಿಗೂ ಉಪಯೋಗ ಆಗಲಿ. ಎಲ್ಲಾ ನಿಜವಾದ ಆರ್‌ಪಿಎಂ, 6ರಲ್ಲಿ ಓದಿ ದುಪ್ಪಟ್ಟು ಮಾಡಿದ್ದು.

ಬಿಸಿ ಐಡ್ಲಿಂಗ್ 900, ನಡುಗೋದು ಇಲ್ಲ. ಮಿಕ್ಶ್ಚರ್ ಸ್ಕ್ರೂ ಎರಡೂಕಾಲು ಸುತ್ತು ಹೊರಗೆ. ಕೀ ತೆಗೆದ ಕೂಡಲೇ ಬಂದ್, ಒಂದು ಗುದ್ದೂ ಇಲ್ಲ. ಬಿಸಿ ಇದ್ದಾಗ ಪತ್ತಿ ತೆರೆದು ಹಿಡಿದು ಫಾಸ್ಟ್ ಐಡಲ್ 1680. ಮೊದಲಿದ್ದ ಜಾಗದಿಂದ ಆ ಸ್ಕ್ರೂ ಒಂದೂವರೆ ಸುತ್ತು ಇಳಿಸಬೇಕಾಯ್ತು, ಅಷ್ಟು ಏರಿಸಿದ್ರು.

ಇವತ್ತು ಬೆಳಿಗ್ಗೆ ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಿದ್ರೆ 1320. ಒಂದು ನಿಮಿಷಕ್ಕೆ ಅರ್ಧ ತಳ್ಳಿದೆ, 1150. ಎರಡೂವರೆ ನಿಮಿಷಕ್ಕೆ ಪೂರ್ತಿ ಒಳಗೆ, ಬಂದ್ ಆಗ್ಲಿಲ್ಲ. ಅರ್ಧ ಚೋಕಲ್ಲಿ ಮಾತ್ರ 50 ಆರ್‌ಪಿಎಂ ಅತ್ತಿತ್ತ ಏರಿಳೀತೈತೆ. ಡಿಪ್‌ಸ್ಟಿಕ್ ಪೆಟ್ರೋಲ್ ವಾಸನೆ ಹೊಡೀತಿತ್ತು, ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದೆ.

ಕಾರ್ಬ್_ಕೆಲಸ (ರಾಯಚೂರು)

ಅರ್ಧ ಚೋಕಿನಾಗ ಅಷ್ಟು ಏರಿಳಿತ ಇರೋದೇ, ಅದಕ್ಕಾಗಿ ಏನೂ ಮುಟ್ಟಬ್ಯಾಡ್ರಿ. ಎರಡು ಕೆಲಸ ಬಾಕಿ ಅವ. ಹೊಸ ಪ್ಯಾಕಿಂಗ್ ನಾಲ್ಕೈದು ಸಲ ಬಿಸಿ ಆಗಿ ತಣ್ಣಗಾದ ಮ್ಯಾಲೆ ಒಂದಿಷ್ಟು ಕುಂದ್ರತದ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕಾರ್ಬ್ ನಟ್ ಮತ್ತೊಮ್ಮೆ ನೋಡ್ರಿ, ಸಡಿಲ ಆದಷ್ಟೇ ಬಿಗಿ ಮಾಡ್ರಿ, ಹೆಚ್ಚು ಬ್ಯಾಡ. 200 ಕಿಲೋಮೀಟರ್ ಓಡಿದ ಮ್ಯಾಲೆ ಮೂರೂ ಪ್ಲಗ್ ತೆಗೆದು ಬೆಳಕಿಗೆ ಹಿಡೀರಿ. ನಡುವಿನ ಪಿಂಗಾಣಿ ತೆಳು ಕಂದು, ಚಹಾದ ಬಣ್ಣ ಇದ್ರ ಬಿಟ್ಟುಬಿಡ್ರಿ. ಬೆಳ್ಳಗಿದ್ರ ಮಿಕ್ಶ್ಚರ್ ಕಾಲು ಸುತ್ತು ಹೊರಗ, ಕಪ್ಪು ಮಸಿ ಇದ್ರ ಕಾಲು ಸುತ್ತು ಒಳಗ. ಮೂರರಾಗ ಒಂದೇ ಬೆಳ್ಳಗಿದ್ರ ಆ ಸಿಲಿಂಡರ್ ಕಡೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಇನ್ನೂ ಸೋರ್ತದ ಅಂತ ಅರ್ಥ, ಆವಾಗ ನೀರಿನ ಬಾಟ್ಲಿ ಮತ್ತ ತಗೊಂಡು ಆ ಕಡೆ ಹೊಡೆದು ನೋಡ್ರಿ.